ಸರ್ಪಸುತ್ತು ಎಂಬ ಅರಿಸಮಾಸ

"ಟೀಚರೇ, ವಿಶೇಷ ಉಂಟಾ?" ಎಂದು ಮೀನಿನ ಬುಟ್ಟಿಯನ್ನು ಅಂಗಳದಲ್ಲಿ ಇಳಿಸುತ್ತ ಲಲಿತಕ್ಕ ಕೇಳಿದಾಗ ನನಗೆ ನಲವತ್ತಾರು ವರ್ಷ ತುಂಬಿತ್ತು. ಮಗಳು ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಳು. ಗಂಡ ಮಸ್ಕತ್ತಿಗೆ ಹಿಂದಿರುಗಿ ಹದಿನಾಲ್ಕು ತಿಂಗಳಾಗಿತ್ತು.

ನಾನು ಉತ್ತರಿಸುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು. "ವಿಶೇಷ ಎಂತದೂ ಇಲ್ಲ ಮಾರಾಯ್ತಿ. ಅವಳ ಗಂಡ ಅಲ್ಲಿ, ವಿಶೇಷ ಇಲ್ಲಿ ಹೇಗೆ ಆಗ್ತದೆ? ಬಂಗುಡೆ ಹೇಗೆ ಕೊಟ್ಟೆ, ಅದು ಹೇಳು."

ಲಲಿತಕ್ಕ ನಕ್ಕಳು. ನಾನು ಸೆರಗನ್ನು ಹಿಂದಿನಿಂದ ಎಳೆದು ಎಡಬದಿಯ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆ ಬದಿಯಲ್ಲಿ, ಪಕ್ಕೆಲುಬಿನ ಕೆಳಗಿನಿಂದ ಸೊಂಟದವರೆಗೆ, ಹೊಟ್ಟೆ ಹೊರಗೆ ಉಬ್ಬಿಕೊಂಡಿತ್ತು. ಬಲಬದಿ ಮೊದಲಿನಂತೆಯೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಇಬ್ಬರು ಹೆಂಗಸರ ಅರ್ಧರ್ಧ ಹೊಟ್ಟೆಗಳನ್ನು ಸೇರಿಸಿ ಹೊಲಿದಂತೆ ಕಾಣುತ್ತಿತ್ತು.

ಆ ಉಬ್ಬಿನ ಕಾರಣ ತಿಳಿಯದೆ ನಾನು ಬೇಡದ ಒಂದು ಶಸ್ತ್ರಚಿಕಿತ್ಸೆಯ ಹಿಂದಿನ ದಿನದವರೆಗೆ ಹೋಗಿದ್ದೆ. ಕಾರಣ ತಿಳಿಯದಂತೆ ಮಾಡಿದವಳು ನಾನೇ. ವೈದ್ಯರ ತಪ್ಪಿರಲಿಲ್ಲ, ಅತ್ತೆಯ ತಪ್ಪೂ ಇರಲಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಈಗ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಯಾವುದನ್ನು ಹೇಳುವುದು, ಯಾವುದನ್ನು ಬಿಡುವುದು ಎಂದು ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದರೆ ಅವರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ನಾನು ಕಾಪುವಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮದುವೆಯ ಕರೆಯೋಲೆ ಮನೆಗೆ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತವನ್ನು ನೋಡುತ್ತಿದ್ದೆ. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಬರೆದ ಮಕ್ಕಳಿಗೆ ಅದೇ ಪದವನ್ನು ಐವತ್ತು ಸಲ ಬರೆಸುತ್ತಿದ್ದೆ. ನಮ್ಮ ಮನೆಯ ಮಾತು ತುಳು. ಇಲ್ಲಿ ಅದನ್ನು ನಮ್ಮ ಊರಿನವರ ಕನ್ನಡದಲ್ಲಿಯೇ ಕೊಡುತ್ತೇನೆ. ಅತ್ತೆ ಕನ್ನಡ ಮಾತನಾಡುತ್ತಿದ್ದುದು ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಮತ್ತು ಆಸ್ಪತ್ರೆಯಲ್ಲಿ ಮಾತ್ರ. ಆ ಮೂರು ಕಡೆಗಳಲ್ಲಿಯೂ ನಾನು ಜೊತೆಗಿದ್ದರೆ ಅವರ ಲಿಂಗವಚನಗಳನ್ನು ತಿದ್ದುತ್ತಿದ್ದೆ. "ನನ್ನ ಸೊಸೆ ಬಂದದ್ದಲ್ಲ, ಪರೀಕ್ಷೆ ಬಂದದ್ದು" ಎಂದು ಅವರು ನೆಂಟರಲ್ಲಿ ಹೇಳುತ್ತಿದ್ದರು. ಅದರಲ್ಲಿ ಕೋಪವಿರಲಿಲ್ಲ.

ಹೊಸ ಶತಮಾನ ಬಂದು ಮೂರನೆಯದೋ ನಾಲ್ಕನೆಯದೋ ವರ್ಷ. ಕ್ರಿಸ್‌ಮಸ್ ರಜೆ ಆರಂಭವಾದ ಮರುದಿನ ಎಡಬದಿಯ ಬೆನ್ನಿನಲ್ಲಿ ಉರಿ ತೊಡಗಿತು. ಲಂಗದ ಲಾಡಿ ತಗಲಿದರೆ ಚಾಕುವಿನಿಂದ ಗೀರಿದಂತಾಗುತ್ತಿತ್ತು. ಮೂರನೆಯ ದಿನ ಬೆನ್ನಿನಿಂದ ಹೊಕ್ಕುಳಿನ ಬಳಿಯವರೆಗೆ ನೀರುಗುಳ್ಳೆಗಳ ಒಂದು ಪಟ್ಟಿ ಎದ್ದಿತು. ಅತ್ತೆ ರವಕೆ ಸರಿಸಿ ನೋಡಿದರು.

"ಸರ್ಪಸುತ್ತು," ಎಂದರು. "ನಾಳೆ ಬೆಳಿಗ್ಗೆ ಹಿರಿಯಡ್ಕಕ್ಕೆ ಹೋಗುವ. ಅಲ್ಲಿ ಒಳಗೆ ಒಬ್ಬಳು ಕುಂಬಾರ್ತಿ ಅಜ್ಜಿ ಇದ್ದಾಳೆ, ಬರೆಯುತ್ತಾಳೆ."

ನಮ್ಮ ಕಡೆ ಸರ್ಪಸುತ್ತಿಗೆ ಕೆಮ್ಮಣ್ಣನ್ನು ಅರೆದು ಗುಳ್ಳೆಗಳ ಸುತ್ತ ಹಾವಿನ ರೂಪವನ್ನು ಬರೆಯುವ ರೂಢಿಯಿದೆ. ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂಬ ನಂಬಿಕೆ. ಕೂಡದಂತೆ ಬರೆದು ತಡೆಯುತ್ತಾರೆ. ಈ ರೂಢಿಯ ವಿಷಯದಲ್ಲಿ ನನ್ನ ನಿಲುವು ಶಾಲೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಅದರ ಹಿಂದಿನ ವರ್ಷ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕತ್ತಿನಲ್ಲಿ ಕೆಮ್ಮಣ್ಣು ಬರೆಸಿಕೊಂಡು ಬಂದಿದ್ದಳು. ನಾನು ಅವಳನ್ನು ನಲ್ಲಿಯ ಬಳಿಗೆ ಕಳುಹಿಸಿ, ತೊಳೆದುಕೊಂಡ ಮೇಲೆಯೇ ತರಗತಿಯೊಳಗೆ ಸೇರಿಸಿಕೊಂಡೆ. ಅವಳು ಅತ್ತದ್ದು ಅವಮಾನದಿಂದ ಎಂದು ಆಗ ತಿಳಿದಿದ್ದೆ. ಆ ಗುಳ್ಳೆಗಳ ಮೇಲೆ ನೀರು ಬಿದ್ದರೆ ಹೇಗಿರುತ್ತದೆಂಬುದು ಒಂದು ವರ್ಷದ ಮೇಲೆ ನನಗೆ ತಿಳಿಯಿತು.

"ನಾನು ಬರುವುದಿಲ್ಲ," ಎಂದು ಅತ್ತೆಗೆ ಹೇಳಿದೆ. ಬೆಳಗಿನ ವೇಳೆಗೆ ನೋವು ನಿಲುವನ್ನು ತಿಂದು ಮುಗಿಸಿತ್ತು. ಹೋದೆ.

ಅಜ್ಜಿ ಜಗಲಿಯಲ್ಲಿ ಚಾಪೆ ಹಾಕಿ ಮಲಗಿಸಿದಳು. ಕೋಳಿಯ ಗರಿಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ನಿಧಾನವಾಗಿ ಬರೆದಳು. ಮಣ್ಣು ತಣ್ಣಗಿತ್ತು. ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ನಾನು ಉಸಿರನ್ನು ಪೂರ್ತಿಯಾಗಿ ಬಿಟ್ಟೆ. ಮೂರು ಬೆಳಗು ಹೋಗಿ ಬರೆಸಿಕೊಂಡೆವು. ಕೊನೆಯ ದಿನ ಅಜ್ಜಿ ಅತ್ತೆಯೊಡನೆ, "ಒಂದು ವರ್ಷ ತಿರುಗುವ ತನಕ ಇದರ ಹೆಸರು ಬಾಯಲ್ಲಿ ಬರಬಾರದು. ಹೆಸರು ಹೇಳಿದರೆ ಅದು ಕರೆದ ಹಾಗೆ," ಎಂದಳು. ಅತ್ತೆ ತಲೆಯಾಡಿಸಿದರು. ಅಂದಿನಿಂದ ಮನೆಯಲ್ಲಿ ಅದನ್ನು "ಸುತ್ತು" ಎಂದಷ್ಟೇ ಕರೆಯುತ್ತಿದ್ದರು.

ನನಗೂ ಆ ಹೆಸರನ್ನು ಹೇಳದಿರಲು ಕಾರಣವೊಂದಿತ್ತು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕೂಡಿಸಿ ಸಮಾಸ ಮಾಡಿದರೆ ಅದನ್ನು ವ್ಯಾಕರಣದಲ್ಲಿ ಅರಿಸಮಾಸ ಎನ್ನುತ್ತಾರೆ. ಪರಸ್ಪರ ಶತ್ರುಗಳಾದ ಪದಗಳು ಕೂಡಿದ್ದು ಎಂದು ಅರ್ಥ. 'ಸರ್ಪ' ಸಂಸ್ಕೃತ, 'ಸುತ್ತು' ಕನ್ನಡ. ಆ ಪದ ನನಗೆ ಹಿಡಿಸುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಹನ್ನೆರಡು ದಿನಗಳಲ್ಲಿ ಗುಳ್ಳೆಗಳು ಒಣಗಿದವು. ಶಾಲೆ ಮತ್ತೆ ಆರಂಭವಾದಾಗ ಹೋದೆ. ಎಲ್ಲಿಗೆ ಹೋಗಿದ್ದೆನೆಂಬುದನ್ನು ಯಾರಿಗೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಆ ಬದಿ ಉಬ್ಬತೊಡಗಿತು. ಉರಿ ಕಡಿಮೆಯಾಗಿತ್ತು. ಅದರ ಸ್ಥಳದಲ್ಲಿ ಏನೂ ಇರಲಿಲ್ಲ. ಒಂದು ದಿನ ಶಾಲೆಯಿಂದ ಬಂದು ಸೀರೆ ಬಿಚ್ಚುವಾಗ ಒಳಗೆ ರಕ್ತದ ಕಲೆ ಕಂಡಿತು. ಬೆಳಿಗ್ಗೆ ಎಡಸೊಂಟದ ಬಳಿ ಸೆರಗಿಗೆ ಚುಚ್ಚಿದ ಪಿನ್ನು ಬಾಯಿ ತೆರೆದುಕೊಂಡು ದಿನವಿಡೀ ಚರ್ಮದೊಳಗೆ ಇತ್ತು. ಅದನ್ನು ಎಳೆದು ತೆಗೆದೆ. ಆಗಲೂ ನೋವಾಗಲಿಲ್ಲ. ಹೆದರಬೇಕಿತ್ತು, ಹೆದರಿಕೆಯೂ ಆಗಲಿಲ್ಲ. ಪಿನ್ನನ್ನು ತೊಳೆದು ಡಬ್ಬಿಗೆ ಹಾಕಿದೆ.

ಲಲಿತಕ್ಕನ ಪ್ರಶ್ನೆಯ ಮರುವಾರ ಉಡುಪಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಬಸ್ಸಿನಲ್ಲಿ ಕಿಟಕಿಯ ಬದಿ ಕುಳಿತ ಅತ್ತೆಗೆ ನಾನು ಹೇಳಿದೆ: "ಕುಂಬಾರ್ತಿಯ ವಿಷಯ ಅಲ್ಲಿ ಹೇಳುವುದು ಬೇಡ."

"ಯಾಕೆ? ಅವಳು ಕಳ್ಳಿಯಾ?"

"ಬೇಡ ಎಂದರೆ ಬೇಡ, ಅತ್ತೆ. ನಾನು ಟೀಚರ್. ಅಲ್ಲಿ ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳು ಬರುತ್ತಾರೆ."

"ಆಯ್ತು, ಕುಂಬಾರ್ತಿ ಇಲ್ಲ," ಎಂದರು. "ಹೆಸರು ಹೇಗೂ ಹೇಳ್ಲಿಕ್ಕೆ ಇಲ್ಲ. ಮತ್ತೆ ನಾನು ಬಂದದ್ದು ಎಂತಕ್ಕೆ, ಫ್ಯಾನಿನ ಗಾಳಿಗಾ?"

ಎರಡೂವರೆ ಗಂಟೆ ಕಾದೆವು. ಎದುರಿನ ಗೋಡೆಯಲ್ಲಿ 'ನಿಶಬ್ಧ' ಎಂದು ಬರೆದಿತ್ತು. ಮೂರು ಅಕ್ಷರಗಳಲ್ಲಿ ಎರಡು ತಪ್ಪು. ಅದನ್ನೇ ನೋಡುತ್ತ ಕುಳಿತೆ. ಬೇರೆ ಯೋಚನೆ ಬರಲಿಲ್ಲ.

ಮೊದಲು ಒಬ್ಬಳು ಎಳೆಯ ಡಾಕ್ಟರ್ ಒಳಗೆ ಕರೆದು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳತೊಡಗಿದಳು. ಬೇರೆ ಊರಿನವಳು, ಕನ್ನಡವನ್ನು ಪ್ರಯತ್ನಪಟ್ಟು ಕಲಿತಿದ್ದಳು. "ಹಿಂದೆ ಏನಾದರೂ ಕಾಯಿಲೆ ಇತ್ತಾ?"

"ಇಲ್ಲ," ಎಂದೆ.

"ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ ಡಾಕ್ಟ್ರೇ," ಎಂದರು ಅತ್ತೆ. "ಕ್ರಿಸ್‌ಮಸ್ ರಜೆಯಲ್ಲಿ ಸುತ್ತು ಬಂದಿತ್ತು."

"ಸುತ್ತು? ತಲೆಸುತ್ತಾ?"

ಅತ್ತೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಸುತ್ತು," ಎಂದು ಅವರು ಇನ್ನೊಮ್ಮೆ ಹೇಳಿದರು, ಸ್ವಲ್ಪ ದೊಡ್ಡದಾಗಿ.

"ಎಷ್ಟು ದಿನ ಇತ್ತು?"

"ಹನ್ನೆರಡು ದಿನ."

"ಹನ್ನೆರಡು ದಿನ ತಲೆ ಸುತ್ತಿತಾ! ವಾಂತಿ ಬಂತಾ?"

"ವಾಂತಿ ಇಲ್ಲ. ಉರಿ ಇತ್ತು, ಬೆಂಕಿ ಹಾಗೆ."

"ಉರಿ ಎಲ್ಲಿ?"

"ಹೊಟ್ಟೆಯಲ್ಲಿ," ಎಂದು ನಾನು ನಡುವೆ ಹೇಳಿದೆ. "ಗ್ಯಾಸ್ಟ್ರಿಕ್."

ಅತ್ತೆಯ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಇಪ್ಪತ್ತು ವರ್ಷ ಅವರ ಒಂದೊಂದು ವಿಭಕ್ತಿ ಪ್ರತ್ಯಯವನ್ನು ತಿದ್ದಿದವಳು ನಾನು. ಅಂದು ಸಮಾಸದ ಪೂರ್ವಪದ ಲೋಪವಾಗಿ, ಅದರ ಜಾಗದಲ್ಲಿ ಬೇರೆ ಪದ ಬಂದು ಕುಳಿತು, ಅರ್ಥವೇ ಕೆಟ್ಟುಹೋಗಿತ್ತು. ನಾನು ತಿದ್ದಲಿಲ್ಲ. ಡಾಕ್ಟರ್ ಬರೆದುಕೊಂಡಳು. ರವಕೆಯ ಕೆಳಗಿನ ಮಾಸಿದ ಕಲೆಗಳನ್ನು ತೋರಿಸಿ, "ಇದು?" ಎಂದು ಕೇಳಿದಳು. "ಬಿಸಿನೀರಿನ ಚೀಲ ಇಟ್ಟು ಸುಟ್ಟದ್ದು," ಎಂದೆ. ಆ ವಾಕ್ಯದಲ್ಲಿ ಒಂದು ತಡವರಿಕೆಯೂ ಇರಲಿಲ್ಲ.

ಸರ್ಜನ್ ಐವತ್ತರ ಆಸುಪಾಸಿನವರು, ನಿಧಾನದ ಮನುಷ್ಯ. ಮಲಗಿಸಿ ಒತ್ತಿದರು, ನಿಲ್ಲಿಸಿ ಕೆಮ್ಮಿಸಿದರು. ಕೆಮ್ಮಿದಾಗ ಎಡಬದಿ ಇನ್ನಷ್ಟು ಮುಂದೆ ಬರುತ್ತಿತ್ತು. "ಹರ್ನಿಯಾ ಇರಬೇಕು. ಆದರೆ ಜಾಗ ಸರಿ ಇಲ್ಲ. ಇಲ್ಲಿ ಸಾಧಾರಣ ಬರುದಿಲ್ಲ," ಎಂದರು. ಸ್ಕ್ಯಾನಿಂಗ್ ಮಾಡಿಸಿದರು. ಅದರಲ್ಲಿ ತೂತು ಸ್ಪಷ್ಟವಾಗಿ ಕಾಣಲಿಲ್ಲ. ಮುಂದಿನ ಸಲ ಹೋದಾಗ ಮತ್ತೆ ಕೇಳಿದರು: "ಬೇರೆ ಎಂತದೂ ಆಗಿರಲಿಲ್ಲ ಅಲ್ವಾ? ಪೆಟ್ಟು, ಕಾಯಿಲೆ?" ಎರಡನೆಯ ಸಲವೂ "ಇಲ್ಲ" ಎಂದೆ. "ಹಾಗಾದರೆ ತೆರೆದು ನೋಡುವ. ಒಳಗೆ ಒಂದು ಬಲೆ ಇಟ್ಟು ಹೊಲಿದರೆ ಆಯ್ತು. ನಿಮ್ಮ ಪರೀಕ್ಷೆ ಎಲ್ಲ ಮುಗಿಯಲಿ, ಏಪ್ರಿಲಿನಲ್ಲಿ ಬನ್ನಿ."

ಹೊರಗೆ ಬಂದ ಮೇಲೆ ಅತ್ತೆ, "ಹೊಟ್ಟೆಯೊಳಗೆ ಬಲೆ ಹಾಕ್ತಾರಾ?" ಎಂದು ಕೇಳಿದರು. "ಮೀನು ಉಂಟಾ ಒಳಗೆ?"

ನಾನು ನಗಲಿಲ್ಲ. ಅವರೂ ನಗಿಸಲು ಹೇಳಿದ್ದಲ್ಲವೆಂದು ಮುಖ ನೋಡಿದಾಗ ತಿಳಿಯಿತು.

ತಲೆಸುತ್ತಿಗೆಂದು ಕೆಂಪು ಬಣ್ಣದ ಕಬ್ಬಿಣದ ಮಾತ್ರೆಗಳನ್ನು ಕೊಟ್ಟಿದ್ದರು. ದಿನಕ್ಕೆ ಎರಡರಂತೆ ತಪ್ಪದೆ ನುಂಗಿದೆ. ಅವುಗಳಿಂದ ಮಲಬದ್ಧತೆಯಾಯಿತು, ತಿಣುಕಿದರೆ ಎಡಬದಿ ಬಲೂನಿನಂತೆ ಹಿಗ್ಗುತ್ತಿತ್ತು. ನಾನು ಆಡಿದ ಸುಳ್ಳಿಗೆ ದಿನವೂ ಎರಡು ಸಲ ಮದ್ದು ತೆಗೆದುಕೊಳ್ಳುತ್ತಿದ್ದೆ. ಶಾಲೆಯಲ್ಲಿ ಎಡಗೈಯಲ್ಲಿ ಹಾಜರಿ ಪುಸ್ತಕವನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಅಧ್ಯಾಪಕರ ಕೊಠಡಿಯಲ್ಲಿ ಗಣಿತದ ಮೇಷ್ಟ್ರು, "ಏನು ಮೇಡಂ, ಊಟ ಎಲ್ಲ ಒಂದೇ ಬದಿಗೆ ಮಾಡ್ತೀರಾ?" ಎಂದು ಕೇಳಿದರು. ಎಲ್ಲರೂ ನಕ್ಕರು. "ಹೌದು, ಬಲಬದಿ ಏಕಾದಶಿ," ಎಂದೆ. ಅವರು ಇನ್ನೂ ಜೋರಾಗಿ ನಕ್ಕರು. ನನ್ನ ಮಾತನ್ನು ಬೇರೆ ಯಾರೋ ಆಡಿದಂತೆ ಕೇಳಿಸಿಕೊಂಡೆ.

ಶುಕ್ರವಾರ ಗಂಡ ಫೋನು ಮಾಡುತ್ತಿದ್ದರು. "ಡಾಕ್ಟ್ರು ಹೇಳಿದ ಮೇಲೆ ಮಾಡಿಸಿ ಬಿಡು. ನಾನು ರಜೆಗೆ ಬರ್ಬೇಕಾ?" ಎಂದರು. "ಬೇಡ, ಅತ್ತೆ ಇದ್ದಾರೆ," ಎಂದೆ. ಫೋನಿನಲ್ಲಿ ನಮ್ಮ ಮಾತು ಅಷ್ಟೇ ಇರುತ್ತಿತ್ತು. ಅದು ಸಾಕಾಗುತ್ತಿತ್ತು ಕೂಡ.

ಏಪ್ರಿಲಿನಲ್ಲಿ ಆಸ್ಪತ್ರೆಗೆ ಸೇರಿದೆ. ಮರುದಿನ ಬೆಳಿಗ್ಗೆ ಆಪರೇಶನ್ ಎಂದು ತೀರ್ಮಾನವಾಗಿತ್ತು. ಮಧ್ಯಾಹ್ನ ನರ್ಸ್ ಒಂದು ಮುದ್ರಿತ ಹಾಳೆಯನ್ನು ತಂದು, "ಓದಿ ಸೈನ್ ಮಾಡಿ ಅಮ್ಮಾ," ಎಂದು ಪೆನ್ನಿನ ಸಹಿತ ಕೊಟ್ಟಳು. ಅತ್ತೆ ಪಕ್ಕದ ಸ್ಟೂಲಿನಲ್ಲಿ ಕುಳಿತು ಕಿತ್ತಳೆ ಸುಲಿಯುತ್ತಿದ್ದರು.

ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು. ಅದರ ಮೂರನೆಯ ವಾಕ್ಯ ಹೀಗಿತ್ತು: "ನನ್ನ ಹಿಂದಿನ ಎಲ್ಲಾ ಖಾಯಿಲೆಗಳ ವಿವರವನ್ನು ವೈಧ್ಯರಿಗೆ ತಿಳಿಸಿದ್ದು, ಯಾವುದನ್ನು ಮುಚ್ಚಿಟ್ಟಿರುವುದಿಲ್ಲ."

ಕೈಯಲ್ಲಿ ಪೆನ್ನು ಇತ್ತು. ನನಗೆ ತಿಳಿಯದೆಯೇ ತಿದ್ದತೊಡಗಿದೆ. 'ಎಲ್ಲಾ' ಎಂಬುದನ್ನು ಹ್ರಸ್ವ ಮಾಡಿದೆ. 'ಖಾಯಿಲೆ'ಯ ಮಹಾಪ್ರಾಣವನ್ನು ಹೊಡೆದು ಹಾಕಿದೆ. 'ವೈಧ್ಯ'ವನ್ನು 'ವೈದ್ಯ' ಮಾಡಿದೆ. 'ಯಾವುದನ್ನು' ಎಂಬಲ್ಲಿ ದೀರ್ಘ ಕೊಟ್ಟೆ. ವಾಕ್ಯಕ್ಕೆ ಕರ್ತೃಪದವೇ ಇರಲಿಲ್ಲ. ಒಂದು ಹಂಸಪಾದ ಹಾಕಿ 'ನಾನು' ಎಂದು ಸೇರಿಸಿ, ಕ್ರಿಯಾಪದಗಳನ್ನು ಅದಕ್ಕೆ ಹೊಂದಿಸಿದೆ. ಬಳಿಕ ಅಭ್ಯಾಸದಂತೆ ಮೊದಲಿನಿಂದ ಮತ್ತೊಮ್ಮೆ ಓದಿದೆ: "ನನ್ನ ಹಿಂದಿನ ಎಲ್ಲ ಕಾಯಿಲೆಗಳ ವಿವರವನ್ನು ನಾನು ವೈದ್ಯರಿಗೆ ತಿಳಿಸಿದ್ದೇನೆ; ಯಾವುದನ್ನೂ ಮುಚ್ಚಿಟ್ಟಿಲ್ಲ."

ಈಗ ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ವಾಕ್ಯ ಪೂರ್ತಿ ಸುಳ್ಳಾಗಿತ್ತು. ತಪ್ಪುಗಳು ತುಂಬಿದ್ದಾಗ ಅದು ಆಸ್ಪತ್ರೆಯ ವಾಕ್ಯವಾಗಿತ್ತು. ತಿದ್ದಿದ ಮೇಲೆ ನನ್ನದಾಯಿತು. ಕೆಳಗೆ ಸಹಿಗೆಂದು ಚುಕ್ಕೆಗಳ ಗೆರೆ ಇತ್ತು. ಪೆನ್ನನ್ನು ಅಲ್ಲಿಗೆ ಒಯ್ದೆ. ಬರೆಯಲಾಗಲಿಲ್ಲ.

"ಸೈನ್ ಆಯ್ತಾ ಅಮ್ಮಾ?" ಎಂದು ನರ್ಸ್ ಬಂದಳು. ಹಾಳೆಯನ್ನು ನೋಡಿ, "ಅಯ್ಯೋ, ಇದರಲ್ಲಿ ಗೀಚಿದ್ದು ಯಾಕೆ? ಸಾರ್ ಬೈತಾರೆ," ಎಂದಳು.

"ಸಾರನ್ನು ಕರೆಯಿರಿ," ಎಂದೆ.

ಸರ್ಜನ್ ಬಂದಾಗ ನಾನು ಮಂಚದ ಮೇಲೆ ಕುಳಿತೇ ಹೇಳಿದೆ. "ನಾಲ್ಕು ತಿಂಗಳ ಹಿಂದೆ ನನಗೆ ಸರ್ಪಸುತ್ತು ಆಗಿತ್ತು. ಈ ಬದಿಯಲ್ಲಿಯೇ. ಹಿರಿಯಡ್ಕದಲ್ಲಿ ಕೆಮ್ಮಣ್ಣು ಬರೆಸಿಕೊಂಡೆ. ಬಿಸಿನೀರಿನ ಚೀಲ ಎಂದದ್ದು ಸುಳ್ಳು. ತಲೆಸುತ್ತು ಬಂದೇ ಇಲ್ಲ."

ಅತ್ತೆಯ ಕೈಯಿಂದ ಕಿತ್ತಳೆಯ ತೊಳೆ ಕೆಳಗೆ ಬಿತ್ತು. "ಹೇಳಿಯೇ ಬಿಟ್ಟಳು," ಎಂದರು. "ಎಂಟು ತಿಂಗಳು ಬಾಕಿ ಉಂಟು, ಹೆಸರು ಹೇಳಿಯೇ ಬಿಟ್ಟಳು."

ಸರ್ಜನ್ ಹತ್ತಿಯನ್ನು ತರಿಸಿ ಬಲಬದಿಗೂ ಎಡಬದಿಗೂ ಸವರಿದರು, ಬಳಿಕ ಸೂಜಿಯ ತುದಿಯನ್ನು ತಾಗಿಸಿದರು. ಕಣ್ಣು ಮುಚ್ಚಿ ಹೇಳಬೇಕಿತ್ತು. ಬಲಬದಿಯಲ್ಲಿ ಹೇಳಿದೆ. ಎಡಬದಿಯಲ್ಲಿ ಅವರು ಮುಟ್ಟುತ್ತಿದ್ದಾರೋ ಬಿಟ್ಟಿದ್ದಾರೋ ತಿಳಿಯದೆ ಸುಮ್ಮನಿದ್ದೆ. ಕಣ್ಣು ತೆರೆಯಿರಿ ಎಂದಾಗ ತೆರೆದೆ.

"ನಾಳೆ ಆಪರೇಶನ್ ಇಲ್ಲ," ಎಂದರು. "ಅಲ್ಲಿ ತೂತು ಇಲ್ಲದಿರಬಹುದು. ಸರ್ಪಸುತ್ತಿನಿಂದ ನರ ಹೋಗಿ ಹೊಟ್ಟೆಯ ಮಾಂಸಖಂಡಕ್ಕೆ ಪಾರ್ಶ್ವವಾಯು ಆದ ಹಾಗೆ ಆಗಿರಬಹುದು. ಅಪರೂಪ, ಆದರೆ ಉಂಟು. ಮಣಿಪಾಲಕ್ಕೆ ಚೀಟಿ ಬರೆದು ಕೊಡ್ತೇನೆ, ನರದ ಪರೀಕ್ಷೆ ಮಾಡಿಸಿ."

ಬಾಗಿಲಿನ ಬಳಿ ನಿಂತು ತಿರುಗಿದರು. "ನೀವು ಟೀಚರ್ ಅಲ್ವಾ?"

"ಹೌದು."

ಅವರು ಹೊರಗೆ ಹೋದರು. ನನಗೆ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಅತ್ತೆ ನೆಲದಿಂದ ಕಿತ್ತಳೆಯ ತೊಳೆಯನ್ನು ಹೆಕ್ಕಿ, ಸೆರಗಿಗೆ ಒರಸಿ, ತಾವೇ ತಿಂದರು.

ಮಣಿಪಾಲದಲ್ಲಿ ಪರೀಕ್ಷೆಯ ಕೋಣೆ ತಣ್ಣಗಿತ್ತು. ಹೊಟ್ಟೆಯ ಮಾಂಸಖಂಡಕ್ಕೆ ಸಣ್ಣ ಸೂಜಿ ಚುಚ್ಚಿ, ತಲೆ ಎತ್ತುವಂತೆ ಹೇಳುತ್ತಾರೆ. ಮಾಂಸಖಂಡ ಕೆಲಸ ಮಾಡಿದರೆ ಯಂತ್ರದಿಂದ ಸದ್ದು ಬರುತ್ತದೆ. ಮೊದಲು ಬಲಬದಿ. ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಕೇಳಿಸಿತು. ಅನಂತರ ಎಡಬದಿ. "ತಲೆ ಎತ್ತಿ... ಇನ್ನೂ ಎತ್ತಿ," ಎಂದರು ಅಲ್ಲಿನ ಡಾಕ್ಟರ್. ಎತ್ತಿದೆ. ಯಂತ್ರದ ಗುಂಯ್‌ಗುಟ್ಟುವಿಕೆಯ ಹೊರತು ಏನೂ ಇಲ್ಲ. ಸೂಜಿಯನ್ನು ಸರಿಸಿ ನಾಲ್ಕು ಕಡೆ ಚುಚ್ಚಿದರು. ನಾಲ್ಕರಲ್ಲಿಯೂ ಅದೇ. ಹೆಸರು ಕರೆದಾಗ ಹಾಜರು ಹೇಳದ ಮಗುವಿಗಾಗಿ ತರಗತಿಯೆಲ್ಲ ತಿರುಗಿ ನೋಡುವಂತೆ ನಾನು ಆ ಕಡೆ ತಲೆ ತಿರುಗಿಸಿದೆ.

"ಆಪರೇಶನ್ ಮಾಡಿದ್ದರೆ ಗುಣ ಇರಲಿಲ್ಲ," ಎಂದರು ಆ ಡಾಕ್ಟರ್. ಸಣ್ಣ ವಯಸ್ಸಿನವರು, ಕನ್ನಡಕವನ್ನು ಒರಸುತ್ತ ಮಾತನಾಡುತ್ತಿದ್ದರು. "ಹೊಲಿಯಲಿಕ್ಕೆ ಅಲ್ಲಿ ಎಂತದೂ ಹರಿದಿಲ್ಲ. ನರ ಸುಮ್ಮನಾಗಿದೆ. ಹೆಚ್ಚಿನವರಿಗೆ ತಾನಾಗಿ ಸರಿ ಹೋಗ್ತದೆ."

"ಎಷ್ಟು ದಿನ?" ಎಂದು ಅತ್ತೆ ಕೇಳಿದರು.

"ದಿನ ಅಲ್ಲ ಅಜ್ಜಿ, ತಿಂಗಳು. ಆರು ಆಗಬಹುದು, ವರ್ಷವೂ ಆಗಬಹುದು."

"ಸರಿ ಹೋಗದಿದ್ದರೆ?" ಎಂದು ನಾನು ಕೇಳಿದೆ.

"ಹೋಗದಿದ್ದರೆ ಹೀಗೆಯೇ ಇರ್ತದೆ. ಜೀವಕ್ಕೆ ತೊಂದರೆ ಇಲ್ಲ." ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ಕೆಮ್ಮಣ್ಣು ಬರೆಸಿದ್ದರಿಂದ ಆದದ್ದಲ್ಲ ಇದು. ಬರೆಸಿದ್ದರಿಂದ ನಿಂತದ್ದೂ ಅಲ್ಲ. ಮೊದಲ ಮೂರು ದಿನದಲ್ಲಿ ಬಂದಿದ್ದರೆ ಮಾತ್ರೆ ಕೊಡಬಹುದಿತ್ತು, ಅಷ್ಟೇ."

ಅಷ್ಟೇ ಎಂಬ ಪದವನ್ನು ಅವರು ಸಣ್ಣದಾಗಿ ಹೇಳಿದರು. ದಯೆಯಿಂದ ಹೇಳಿದರು.

ಆ ಶುಕ್ರವಾರ ಗಂಡ, "ಆಪರೇಶನ್ ಹೇಗಾಯ್ತು?" ಎಂದು ಕೇಳಿದರು. "ಆಗಲಿಲ್ಲ. ನಾನು ಡಾಕ್ಟರಿಗೆ ಸುಳ್ಳು ಹೇಳಿದ್ದೆ," ಎಂದೆ. "ನೀನಾ?" ಎಂದರು.

ಕಾಯುವುದು ಆರಂಭವಾಯಿತು. ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಳ್ಳಬೇಕಿತ್ತು; ಕಾಪುವಿನ ಮೇ ತಿಂಗಳ ಸೆಕೆಯಲ್ಲಿ ಅದರ ಒಂದಂಚು ಬೆವರಿನಿಂದ ತುರಿಸುತ್ತಿತ್ತು, ಇನ್ನೊಂದಂಚು ತುರಿಸುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಸ್ನಾನದ ಮೊದಲು ಕನ್ನಡಿಯ ಮುಂದೆ ನಿಂತು ಒಮ್ಮೆ ಕೆಮ್ಮುತ್ತಿದ್ದೆ. ಎಡಬದಿ ಮುಂದೆ ಬರುತ್ತಿತ್ತು. ಜೂನಿನಲ್ಲಿ ಶಾಲೆ ತೆರೆದ ಮೇಲೆ ಬೆಲ್ಟು ಕಟ್ಟಿಕೊಂಡೇ ಹೋಗುತ್ತಿದ್ದೆ. ದುಃಖವೆನ್ನಲು ಮನಸ್ಸಿಗೆ ಏನೋ ತಾಗಬೇಕು, ಏನೂ ತಾಗುತ್ತಿರಲಿಲ್ಲ. ಉತ್ತರ ಪತ್ರಿಕೆಗಳಲ್ಲಿ ತಪ್ಪುಗಳು ಕಂಡರೂ ಕೆಲವನ್ನು ಸುತ್ತುಹಾಕದೆ ಬಿಟ್ಟೆನೆಂದು ಆಮೇಲೆ ನೋಡಿದಾಗ ತಿಳಿಯಿತು. ಮಕ್ಕಳು ಅದನ್ನು ನನ್ನ ಒಳ್ಳೆಯ ಗುಣವೆಂದು ತಿಳಿದರು.

ಅತ್ತೆಗೆ ಬೇರೆಯದೇ ಚಿಂತೆ ಹತ್ತಿಕೊಂಡಿತ್ತು. ವರ್ಷ ತಿರುಗುವ ಮೊದಲೇ ಹೆಸರು ಹೊರಗೆ ಬಂದಿತ್ತು. ನನ್ನ ಸೊಂಟದ ಬಲಬದಿಯನ್ನು ಅವರು ವಾರಕ್ಕೊಮ್ಮೆ ಪರೀಕ್ಷಿಸುತ್ತಿದ್ದರು. ಆಷಾಢ ಕಳೆದ ಮೇಲೆ ಒಂದು ದಿನ, "ನಾಗಬನಕ್ಕೆ ಹೋಗಿ ಹಾಲು ಎರೆದು ಬರುವ. ನೀನು ಬರುವುದು ಬೇಡ, ನಿನಗೆ ನಂಬಿಕೆ ಇಲ್ಲ," ಎಂದರು.

"ಬರುತ್ತೇನೆ," ಎಂದೆ.

"ಬಂದು ಅಲ್ಲಿಯ ಬೋರ್ಡು ತಿದ್ದಲಿಕ್ಕಾ?"

ಹೋದೆವು. ಅವರು ಎರೆದರು, ನಾನು ಚೊಂಬು ಹಿಡಿದುಕೊಂಡು ನಿಂತೆ. ನನ್ನ ನಂಬಿಕೆ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಮರಳುವಾಗ ಅವರ ನಡಿಗೆ ಹಗುರವಾಗಿತ್ತು. ಅದು ನಿಜವಾದ ಸಂಗತಿ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಲ್ಲಿಯ ಬಳಿ ನಿಲ್ಲಿಸಿದ್ದ ಹುಡುಗಿ ಆ ವರ್ಷ ಹತ್ತನೆಯ ತರಗತಿ ಮುಗಿಸಿ ಕಾರ್ಕಳದ ಕಾಲೇಜಿಗೆ ಸೇರಿದ್ದಳು. ಬಸ್ ನಿಲ್ದಾಣದಲ್ಲಿ ಎರಡು ಸಲ ಕಂಡಳು. ಎರಡು ಸಲವೂ "ನಮಸ್ಕಾರ ಟೀಚರ್" ಎಂದಳು. ಅವಳಲ್ಲಿ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಇಷ್ಟು ವರ್ಷಗಳ ಮೇಲೆ ಇಲ್ಲಿ ಬರೆದರೆ ಅದು ಕೇಳಿದಂತಾಗುವುದಿಲ್ಲವೆಂದು ಬಲ್ಲೆ.

ಅಕ್ಟೋಬರಿನಲ್ಲಿ ಉಬ್ಬು ಕಡಿಮೆಯಾಗಿದೆಯೆಂದು ಅತ್ತೆ ಹೇಳಿದರು. ನನಗೆ ಹಾಗೆ ಕಾಣಲಿಲ್ಲ. ಅವರು ಹಳೆಯ ಲಂಗವೊಂದರ ಲಾಡಿಯನ್ನು ತಂದು ಸೊಂಟಕ್ಕೆ ಸುತ್ತಿ, ಗಂಟಿನ ಜಾಗಕ್ಕೆ ಅರಿಸಿನದ ಗುರುತು ಹಾಕಿದರು. ಎರಡು ವಾರಗಳ ಬಳಿಕ ಮತ್ತೆ ಸುತ್ತಿದರು. ಗಂಟು ಗುರುತಿನಿಂದ ಒಂದು ಬೆರಳಿನಷ್ಟು ಒಳಗೆ ಬಂದಿತ್ತು. ಮಣಿಪಾಲದಲ್ಲಿ ಮತ್ತೆ ಸೂಜಿ ಚುಚ್ಚಿದಾಗ ಎಡಬದಿಯಿಂದ ಸದ್ದು ಬಂತು, ಒಂದು, ಸ್ವಲ್ಪ ಬಿಟ್ಟು ಇನ್ನೊಂದು. "ಕೇಳಿತಾ?" ಎಂದರು ಡಾಕ್ಟರ್. ಅತ್ತೆ ಬಾಗಿಲಿನ ಹೊರಗಿನಿಂದಲೇ, "ಕೇಳಿತು," ಎಂದರು.

ಡಿಸೆಂಬರಿನಲ್ಲಿ ಮಗಳು ರಜೆಗೆ ಬಂದಳು. ಬರುವಾಗ ಎರಡು ಗಂಟೆ ತಡವಾಗಿತ್ತು. ಚೀಲವನ್ನು ಜಗಲಿಯಲ್ಲಿ ಒಗೆದು, "ಎಲ್ಲ ನಿನ್ನಿಂದ ಅಮ್ಮಾ," ಎಂದಳು. "ಹೊಸ ಬಸ್ಸು. ಬೋರ್ಡಿನಲ್ಲಿ ಉಡುಪಿಗೆ 'ಉಡುಪೀ' ಅಂತ ದೀರ್ಘ ಹಾಕಿದ್ದ. ಇದು ಹೇಗೆ ದೀರ್ಘ ಆಗ್ತದೆ ಅಂತ ಯೋಚನೆ ಮಾಡ್ತಾ ನಿಂತೆ. ಬಸ್ಸು ಹೋಯ್ತು! ಕಂಡಕ್ಟರ್ ಹಿಂದಿನ ಬಾಗಿಲಿನಿಂದ ಕೇಳ್ತಾನೆ, 'ಹತ್ತುದಾ, ಓದುದಾ?' ಅಂತ."

ನನಗೆ ನಗು ಬಂತು. ತಡೆಯಲಾಗಲಿಲ್ಲ, ಗೋಡೆಗೆ ಒರಗಿ, ಕಣ್ಣಿನಲ್ಲಿ ನೀರು ಬರುವವರೆಗೆ ನಕ್ಕೆ. ಒಂದು ವರ್ಷದಲ್ಲಿ ಹಾಗೆ ನಕ್ಕ ನೆನಪು ನನಗಿಲ್ಲ. ಅತ್ತೆ ಅಕ್ಕಿ ಆರಿಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಎದ್ದು ಬಂದು ಸೆರಗು ಸರಿಸಿ ಎಡಬದಿಯ ಹೊಟ್ಟೆಯ ಮೇಲೆ ಕೈಯಿಟ್ಟರು.

"ನೋಡು," ಎಂದರು. "ಈಗ ಎರಡೂ ಬದಿ ನಗ್ತಾ ಉಂಟು."

ಕೆಳಗೆ ನೋಡಿದೆ. ಅವರ ಕೈ ಅಲ್ಲಿತ್ತು, ಅಕ್ಕಿಯ ಹುಡಿ ಅಂಟಿದ ಕೈ, ನನ್ನ ನಗುವಿನೊಂದಿಗೆ ಮೇಲೆ ಕೆಳಗೆ ಹೋಗುತ್ತಿತ್ತು.

"ಕೈ ಇಟ್ಟದ್ದು ನನಗೆ ಗೊತ್ತಾಗುವುದಿಲ್ಲ ಅತ್ತೆ," ಎಂದೆ. "ಕಣ್ಣಿಗೆ ಕಾಣುತ್ತದೆ, ಅಷ್ಟೇ."

ಅವರು ಕೈ ತೆಗೆಯಲಿಲ್ಲ.

"ನನಗೆ ಗೊತ್ತಾಗ್ತದೆ," ಎಂದರು.